ಸೈನ್ಯಕ್ಕೆ ಎದುರುತ್ತರ ಕಲಿಸಿದ್ದು

ವಾದ ಮಾಡುವುದು ಒಂದು ಕಾಯಿಲೆಯಾದರೆ ನನಗದು ಹುಟ್ಟಿನಿಂದಲೇ ಇದೆ. ಭಟ್ಕಳದಿಂದ ಕುಮಟಾದವರೆಗೆ ಯಾವ ಕಾಲೇಜಿನ ಚರ್ಚಾಸ್ಪರ್ಧೆಯನ್ನೂ ಬಿಟ್ಟವಳಲ್ಲ ನಾನು. ಪರ ಕೊಟ್ಟರೆ ಪರ, ವಿರೋಧ ಕೊಟ್ಟರೆ ಇನ್ನೂ ಸಂತೋಷ. ಕಾಗಾಲದ ನಮ್ಮ ಮನೆಯಲ್ಲಿ ಅಮ್ಮ "ಅನ್ನ ಆತು, ಬಾರೇ" ಎಂದರೂ ನಾನು ಆಧಾರ ಕೇಳುತ್ತೇನೆ. "ಹಸಿವಾದ್ರೆ ಅದೇ ಆಧಾರ" ಎಂದು ಅವಳು ತಟ್ಟೆ ಕುಕ್ಕುತ್ತಾಳೆ. ಇಂಥವಳನ್ನು, ಯಾವ ಮಾತಿಗೂ ಎದುರಾಡದ ಜನರಿಗೆ ಪಾಠ ಮಾಡಲು ಕಳಿಸಿದರೆ? ಸೈನ್ಯದಲ್ಲಿ ಅಧಿಕಾರಿಗಳಾಗಲಿರುವ ಕೆಡೆಟ್‌ಗಳು ಕಡಲತೀರದ ತರಬೇತಿಗೆಂದು ಹೊನ್ನಾವರದ ಹತ್ತಿರ ಬೀಡುಬಿಟ್ಟಿದ್ದರು. ಅವರಿಗೆ ಉದ್ಯಮಶೀಲತೆ, ಹೊಸ ಆಲೋಚನೆ ಇತ್ಯಾದಿ ಕಲಿಸಲು ನಾನು ಪಾಠ ಮಾಡುವ ಕಾಲೇಜು ನನ್ನನ್ನು ಆರಿಸಿತು. ಬಂದೂಕು ಹಿಡಿಯುವವರಿಗೆ ಅಂಗಡಿ ಬುದ್ಧಿ ಯಾಕೆ ಎಂಬ ಸಂಶಯ ನನಗಿತ್ತು. ಅವರ ಕ್ಯಾಪ್ಟನ್ ಸಾಹೇಬರಿಗೆ ಇನ್ನೂ ಹೆಚ್ಚಿತ್ತು. "ಮೂರನೆಯ ದಿನ ನಾನೇ ಬಂದು ಕೂರುತ್ತೇನೆ. ಒಬ್ಬನಾದರೂ ಸ್ವಂತ ಬುದ್ಧಿಯಿಂದ ಮಾತಾಡಿದರೆ ತರಗತಿ ಮುಂದುವರಿಯಲಿ. ಇಲ್ಲದಿದ್ದರೆ ತರಗತಿಯ ಹೊತ್ತಿನಲ್ಲಿ ಮರಳಿನ ಮೇಲೆ ಓಟ" ಎಂದರು.

ಮೊದಲ ದಿನ "ನಾನು ಹೇಳಿದ್ದನ್ನು ನಂಬಬೇಡಿ, ಪ್ರಶ್ನಿಸಿ" ಎಂದೆ. "ಯೆಸ್ ಮ್ಯಾಮ್!" ಎಂದು ಇಡೀ ಕೋಣೆ ಗುಡುಗಿತು. ಕಿಟಕಿಯ ಮೇಲಿದ್ದ ಕಾಗೆ ಹಾರಿಹೋಯಿತು. "ಹೀಗೆ ಒಟ್ಟಿಗೆ ಒಪ್ಪಬಾರದು" ಎಂದೆ. "ಯೆಸ್ ಮ್ಯಾಮ್!" ರೋಸಿಹೋಗಿ, "ನಮ್ಮೂರಿನಲ್ಲಿ ಸೂರ್ಯ ಕಡಲಿನಿಂದಲೇ ಹುಟ್ಟುತ್ತಾನೆ" ಎಂದುಬಿಟ್ಟೆ. ಎಲ್ಲರೂ ಶ್ರದ್ಧೆಯಿಂದ ಬರೆದುಕೊಂಡರು. ಹಿಂದಿನ ದಿನವಷ್ಟೇ ಅದೇ ಕಡಲಿನಲ್ಲಿ ಸೂರ್ಯ ಮುಳುಗುವುದನ್ನು ಫೋಟೊ ತೆಗೆದವರು!

ಎರಡನೆಯ ದಿನ ಅಘನಾಶಿನಿ ನದಿ ಕಡಲು ಸೇರುವಲ್ಲಿಗೆ ಕರೆದೊಯ್ದೆ. ನೀರು ಹಿಂದೆ ಸರಿಯುವ ಇಳಿತದ ಹೊತ್ತಿನಲ್ಲಿ ಹೆಂಗಸರು ಕೆಸರಿನಲ್ಲಿ ಬಳಚು ಎಂಬ ಚಿಪ್ಪುಮೀನು ಆರಿಸುತ್ತಿದ್ದರು. "ಇವರ ತೊಂದರೆ ಏನೆಂದು ನೋಡಿ, ಪರಿಹಾರ ಹುಡುಕಿ" ಎಂದೆ. ನಾನು ಚಹಾ ಕುಡಿದು ಬರುವಷ್ಟರಲ್ಲಿ ಪರಿಹಾರ ಸಿದ್ಧವಾಗಿತ್ತು. ಕೆಡೆಟ್‌ಗಳು ಸಾಲಾಗಿ ಕೆಸರಿನಲ್ಲಿ ನಿಂತು ಚೀಲಗಳನ್ನು ಕೈಯಿಂದ ಕೈಗೆ ದಾಟಿಸಿ ದಡಕ್ಕೆ ತಲುಪಿಸಿದ್ದರು. "ನಾಳಿಗೂ ಕಳ್ಸೇ ತಂಗಿ" ಎಂದಳು ಒಬ್ಬ ಅಜ್ಜಿ. "ಇವ್ರು ಯುದ್ಧಕ್ಕೆ ಎಂತಕ್ಕೆ ಹೋಗೂದು? ಇಲ್ಲೇ ಇರ್ಲಿ."

ಮೂರನೆಯ ದಿನ ಕ್ಯಾಪ್ಟನ್ ಬಂದು ಹಿಂದಿನ ಸಾಲಿನಲ್ಲಿ ಕೂತರು. ನಾನು ನನ್ನದೇ ಯೋಜನೆ ಮುಂದಿಟ್ಟೆ: ಮೊಬೈಲ್ ಆ್ಯಪ್. ಗಿರಾಕಿ ಬೆಳಿಗ್ಗೆ ಆರ್ಡರ್ ಕೊಟ್ಟರೆ ಮಧ್ಯಾಹ್ನದೊಳಗೆ ತಾಜಾ ಬಳಚು ಮನೆಬಾಗಿಲಿಗೆ. "ಯಾರಾದರೂ ವಿರೋಧಿಸುತ್ತೀರಾ?" ಎಂದೆ. ಕ್ಯಾಪ್ಟನ್ ಗಡಿಯಾರ ನೋಡಿದರು. ಓಟದ ಬೂಟುಗಳು ಆಗಲೇ ಬಾಗಿಲ ಹೊರಗೆ ಸಾಲಾಗಿದ್ದವು. ಆಗ ನಿಧಾನಕ್ಕೆ ಎದ್ದ ನೋಡಿ, ನಾಯ್ಕ! ಇಡೀ ತಂಡದಲ್ಲಿ ಕನ್ನಡ ಬರುವವನು ಭಟ್ಕಳದ ಹತ್ತಿರದ ಮುಟ್ಟಳ್ಳಿಯ ಈ ಹುಡುಗ ಒಬ್ಬನೇ. "ಮ್ಯಾಮ್, ಇದು ನಡೆಯುವುದಿಲ್ಲ" ಎಂದ ಹಿಂದಿಯಲ್ಲಿ. "ಇಳಿತದ ಹೊತ್ತು ದಿನಾ ಬದಲಾಗುತ್ತದೆ. ಬೆಳಿಗ್ಗೆ ಆರ್ಡರ್ ಬಂತು ಅಂತ ಸಮುದ್ರ ಹಿಂದೆ ಹೋಗುತ್ತದೆಯೇ?"

ಗೆದ್ದೆ! ಕುಣಿಯಬೇಕೆನಿಸಿತು. ಆದರೆ ಹುಟ್ಟುಗುಣ ನೋಡಿ: ಬಾಯಿ ಆಗಲೇ ವಾದಕ್ಕಿಳಿದಿತ್ತು. ಮಂಜುಗಡ್ಡೆ ಎಂದೆ, ದಾಸ್ತಾನು ಎಂದೆ. ಅವನು "ಹಾಗಾದರೆ ತಾಜಾ ಎಲ್ಲಿಂದ ಬಂತು?" ಎಂದ. ನಾನು "ಕೂತ್ಕೋ!" ಎಂದು ಅರಚಿದೆ.

ಅವನ ಮೊಣಕಾಲು ಅಭ್ಯಾಸಬಲದಿಂದ ಅರ್ಧ ಮಡಚಿತು. ಮತ್ತೆ ನೆಟ್ಟಗಾಯಿತು. "ಇಲ್ಲ ಮ್ಯಾಮ್, ಇನ್ನೂ ಮುಗಿದಿಲ್ಲ. ಗಿರಾಕಿ ಹೊತ್ತು ಹೇಳುವುದಲ್ಲ, ಹೆಂಗಸರೇ ಹೇಳಲಿ. ನಾಳೆ ಇಷ್ಟು ಗಂಟೆಗೆ ಬಳಚು ದಡಕ್ಕೆ ಬರುತ್ತದೆ ಎಂದು ಹಿಂದಿನ ದಿನವೇ ಒಂದು ಮೆಸೇಜ್. ಬೇಕಾದವರು ಆ ಹೊತ್ತಿಗೆ ಕಾಯಲಿ." ನಾನು ಮತ್ತೆ ಬಾಯಿ ತೆರೆದೆ. ಬಿಸಿಯೇರಿದ್ದ ಹುಡುಗ ಸೀದಾ ಊರಿನ ಕನ್ನಡಕ್ಕಿಳಿದ: "ಮೇಡಂ, ನೀವು ಒಂದ್ಗಳಿಗೆ ಸುಮ್ನೆ ಕೂತ್ಕಣಿ!"

ಕೂತೆ. ಅಷ್ಟರಲ್ಲಿ ಇನ್ನೊಬ್ಬ ಎದ್ದು ನಾಯ್ಕನದೂ ತಪ್ಪು ಎಂದ. ಮತ್ತೊಬ್ಬ ಇಬ್ಬರದೂ ತಪ್ಪು ಎಂದ. ಕೋಣೆ ಮೀನುಪೇಟೆಯಾಯಿತು. "ತರಗತಿ ಮುಂದುವರಿಯಲಿ!" ಎಂದು ಕ್ಯಾಪ್ಟನ್ ಕೂಗಿದ್ದು ಯಾರಿಗೂ ಕೇಳಿಸಲಿಲ್ಲ. ನನಗೂ ಒಂದು ಅದ್ಭುತವಾದ ಪ್ರತಿವಾದ ಹೊಳೆದಿತ್ತು. ಕೈ ಎತ್ತಿಕೊಂಡು ಕೂತೇ ಇದ್ದೆ. ಯಾರೂ ನನಗೆ ಅವಕಾಶ ಕೊಡಲಿಲ್ಲ.