ಹಾಲೇಶಪ್ಪನ ಸಹಾಯಕರು

ಇಡೀ ಅವಾಂತರಕ್ಕೆ ಮೂಲ ಒಂದು ಮೈಕು. ಹೊನ್ನಾಳಿಯ ಹೊಳೆದಂಡೆ ಮೈದಾನದಲ್ಲಿ ತಿಂಗಳಿಂದ ಬೀಡುಬಿಟ್ಟಿದ್ದ ‘ಆನಂದ ವಿಹಾರ’ ಪ್ರದರ್ಶನದವರು ಆ ಭಾನುವಾರ ಬೆಳಗ್ಗೆ ಜಟಕಾಕ್ಕೆ ಮೈಕು ಕಟ್ಟಿಕೊಂಡು ಊರೆಲ್ಲ ಸಾರಿದರು. ಇವತ್ತೇ ಕಡೇ ದಿನ, ಮಹಾಜನಗಳು ಬಂದು ಆನಂದಪಡಬೇಕು. ನಡೆಯಲು ತ್ರಾಣವಿಲ್ಲದವರು ಸಾಲಿನಲ್ಲಿ ನಿಲ್ಲಬೇಕಾಗಿಲ್ಲ, ಅವರನ್ನೂ ಅವರ ಸಹಾಯಕರನ್ನೂ ನೇರ ಒಳಗೆ ಬಿಡಲಾಗುವುದು, ಸಹಾಯಕರಿಗೆ ಟಿಕೆಟ್ಟೂ ಬೇಕಿಲ್ಲ. ಮ್ಯಾನೇಜರು ಒಳ್ಳೆಯ ಮನಸ್ಸಿನಿಂದಲೇ ಇದನ್ನು ಹೇಳಿಸಿದ್ದ. ಆದರೆ ಅವನಿಗೆ ಪೇಟೆಬೀದಿಯ ಜನರ ಪರಿಚಯವಿರಲಿಲ್ಲ.

ಪೇಟೆಬೀದಿಯಲ್ಲಿ ಹಾಲೇಶಪ್ಪನ ರೇಡಿಯೋ ರಿಪೇರಿ ಅಂಗಡಿ. ಚಿಕ್ಕಂದಿನಲ್ಲಿ ಬಂದ ಪೋಲಿಯೋ ಅವನ ಎಡಗಾಲನ್ನು ಒಣಗಿದ ಹೀರೇಕಾಯಿಯಂತೆ ಮಾಡಿ ಹೋಗಿತ್ತು. ಕೈಯಲ್ಲೊಂದು ಬಿದಿರಿನ ಕೋಲು ಹಿಡಿದು ಅವನು ಊರೆಲ್ಲ ಓಡಾಡುತ್ತಿದ್ದ. ಟಿ.ವಿ. ಇನ್ನೂ ಹೊನ್ನಾಳಿಯ ಕಡೆ ತಲೆಹಾಕದ ಕಾಲ. ರೇಡಿಯೋದ ಏರಿಯಲ್ ತಂತಿ ಕಟ್ಟಲು ಅವನು ಏಣಿ ಹತ್ತಿ, ಹೆಂಚಿನ ಮೇಲೆ ಉಡದ ಹಾಗೆ ಅಂಟಿಕೊಂಡು ಹೋಗುವುದನ್ನು ನೋಡಿದ ಜನ, ಅವನಿಗೆ ಒಂದು ಕಾಲು ಸ್ವಾಧೀನವಿಲ್ಲ ಅನ್ನುವುದನ್ನೇ ಮರೆತುಬಿಟ್ಟಿದ್ದರು. ಮೈಕಿನ ಜಟಕಾ ಹಾದುಹೋದ ಮೇಲೆ ಎಲ್ಲರಿಗೂ ಒಟ್ಟಿಗೆ ನೆನಪಾಯಿತು.

ಹಾಲೇಶಪ್ಪನೂ ಆ ದಿನ ಅಲ್ಲಿಗೆ ಹೋಗಬೇಕೆಂದೇ ಇದ್ದ. ಅವನಿಗೆ ಬೇಕಾಗಿದ್ದುದು ಒಂದೇ, ಜೈಂಟ್ ವೀಲು. ಊರಿನವರು ಅದನ್ನು ದೊಡ್ಡ ತೊಟ್ಟಿಲು ಅನ್ನುತ್ತಿದ್ದರು. ಹುಡುಗನಾಗಿದ್ದಾಗ ಒಮ್ಮೆ ದಾವಣಗೆರೆಯಲ್ಲಿ ಅಂಥದ್ದೊಂದನ್ನು ನೋಡಿದ್ದ. ಚಿಕ್ಕಪ್ಪನ ಮಕ್ಕಳೆಲ್ಲ ಹತ್ತಿ ಕೂತರು. ಅಪ್ಪ ಮಾತ್ರ ನಿನಗೆ ಬ್ಯಾಡ ಮಗ ಎಂದು ಅವನನ್ನು ಕೆಳಗೇ ಕೂರಿಸಿದ್ದರು. ಮೇಲಿಂದ ನೋಡಿದರೆ ಮನುಷ್ಯರೆಲ್ಲ ಇರುವೆ ಹಾಗೆ ಕಾಣುತ್ತಾರೆ ಎಂದು ಇಳಿದು ಬಂದವರು ಹೇಳಿದ್ದನ್ನು ಅವನು ಇಷ್ಟು ವರ್ಷ ನಂಬಿಕೊಂಡು ಬಂದಿದ್ದ. ಸುಳ್ಳೋ ನಿಜವೋ ತಾನೇ ನೋಡಬೇಕೆಂಬ ಆಸೆ ತಿಂಗಳಿಂದ ಬಲಿತಿತ್ತು. ಅಂಗಡಿಯಲ್ಲಿ ಕೂತರೆ ಎದುರಿನ ಮಹಡಿಯ ಮೇಲಿಂದ ಆ ತೊಟ್ಟಿಲ ನೆತ್ತಿ ಇಣುಕುತ್ತಿತ್ತು, ಬಾ ಅಂದಂತೆ. ಹೆಂಡತಿ ಪ್ರೇಮಮ್ಮನನ್ನು ಕರೆದರೆ, ಅದನ್ನು ನೋಡಿದರೇ ತನಗೆ ತಲೆ ಸುತ್ತುತ್ತದೆ, ನೀವೇ ಹೋಗಿ ಬರ್ರಿ ಅಂದಳು.

ಊಟ ಮುಗಿಸಿ ಹೊರಗೆ ಬಂದರೆ ಜಗಲಿಯ ಮೇಲೆ ಮೂವರು ಕೂತಿದ್ದರು. ಮೊದಲನೆಯವನು ಹಿಟ್ಟಿನ ಗಿರಣಿಯ ದುರುಗಪ್ಪ. ಎರಡನೆಯವನು ಬಸ್‌ಸ್ಟ್ಯಾಂಡಿನ ಏಜೆಂಟ್ ವಿರೂಪಾಕ್ಷಪ್ಪ, ಡ್ರೈವರೇ ಇಲ್ಲದ ಬಸ್ಸನ್ನು ಈಗ ಹೊರಡ್ತೈತೆ ಎಂದು ನಂಬಿಸಿ ಜನರನ್ನು ತುಂಬುವುದು ಅವನ ಕಸುಬು. ಮೂರನೆಯವಳು ಪಕ್ಕದ ಮನೆಯ ಶಂಕ್ರಮ್ಮ. ಬಗಲಲ್ಲಿ ಚೀಲ, ಕೈಯಲ್ಲಿ ನೀರಿನ ಫ್ಲಾಸ್ಕು.

“ಒಬ್ನೇ ಹೆಂಗೆ ಹೋಗ್ತೀಯಪ್ಪಾ ಹಾಲೇಶಿ? ನಾವೆಲ್ಲ ಸತ್ತು ಹೋಗೀವಾ?” ಅಂದಳು ಶಂಕ್ರಮ್ಮ, ಕಣ್ಣಲ್ಲಿ ನೀರೊಂದು ಬಾಕಿ.

ತನಗೆ ಯಾರ ಸಹಾಯವೂ ಬೇಡ ಎಂದು ಹಾಲೇಶಪ್ಪ ಹೇಳುವಷ್ಟರಲ್ಲಿ ದುರುಗಪ್ಪ ಅವನ ಬಲತೋಳನ್ನೂ ವಿರೂಪಾಕ್ಷಪ್ಪ ಎಡತೋಳನ್ನೂ ಹಿಡಿದಾಗಿತ್ತು. ದಿನಾ ಕಾಲುಗಂಟೆಯಲ್ಲಿ ನಡೆಯುತ್ತಿದ್ದ ದಾರಿಯನ್ನು ಅವರ ಸಹಾಯದಿಂದ ಮುಗಿಸಲು ಅವನಿಗೆ ಮುಕ್ಕಾಲು ಗಂಟೆ ಹಿಡಿಯಿತು.

ಗೇಟಿನಲ್ಲಿ ಜನವೋ ಜನ. ನ್ಯಾಮತಿ, ಚನ್ನಗಿರಿಯ ಬಸ್ಸುಗಳು ಬಂದು ಬಂದು ಮಂದಿಯನ್ನು ಸುರಿಯುತ್ತಿದ್ದವು. ಇವರು ಸಾಲನ್ನು ಬದಿಗೊತ್ತಿ ನೇರ ಮುಂದೆ ಹೋದರು. ಗೇಟಿನವನು ಹಾಲೇಶಪ್ಪನ ಕಾಲು ನೋಡಿ, ಸರಿ, ಜೊತೆಗೆ ಒಬ್ಬ ಸಹಾಯಕ ಮಾತ್ರ ಎಂದ. ದುರುಗಪ್ಪ ತಾನೇ ಎಂದು ಎದೆ ಮುಂದೆ ಮಾಡಿದ. ವಿರೂಪಾಕ್ಷಪ್ಪ ಅಷ್ಟಕ್ಕೆ ಹಿಂದೆ ಸರಿಯುವವನಲ್ಲ. ಗೇಟಿನವನ ಕಿವಿಯ ಹತ್ತಿರ ಬಾಗಿ, ಇನ್ನೊಂದು ಕಾಲೂ ಹೋಗೈತ್ರಿ, ನೋಡಾಕೆ ಮಾತ್ರ ನೆಟ್ಟಗೈತೆ ಎಂದ. ಕಾಲಿಗೊಬ್ಬರಂತೆ ಇಬ್ಬರು ಒಳಗಾದರು. ಹೊರಗುಳಿದ ಶಂಕ್ರಮ್ಮ ಫ್ಲಾಸ್ಕು ಎತ್ತಿ ಹಿಡಿದು, ಅವನಿಗೆ ಎದೆಯೂ ಸರಿಯಿಲ್ಲ, ಗಳಿಗೆಗೊಮ್ಮೆ ಬಿಸಿನೀರು ಕುಡಿಸದಿದ್ದರೆ ಏನಾಗುತ್ತದೋ ಎಂದು ಸೆರಗು ಬಾಯಿಗಿಟ್ಟಳು. ಗೇಟಿನವನು ಮರುಗಿ ಅವಳನ್ನೂ ಬಿಟ್ಟ. ಹಿಂದೆ ಸಾಲಿನಲ್ಲಿದ್ದ ಒಬ್ಬರು ಪಾಪ ಎಂದು ಹಾಲೇಶಪ್ಪನಿಗೆ ಬಾಳೆಹಣ್ಣು ಕೊಟ್ಟರು. ಅದನ್ನು ದುರುಗಪ್ಪ ತಿಂದ.

“ನನ್ನ ಎದೆಗೆ ಏನಾಗೇತ್ರಿ?” ಎಂದು ಹಾಲೇಶಪ್ಪ ಕೇಳಿದ.

“ಏನೂ ಆಗಿಲ್ಲ, ಸುಮ್ಕಿರು,” ಅಂದ ವಿರೂಪಾಕ್ಷಪ್ಪ.

ಮೊದಲು ಸಿಕ್ಕಿದ್ದು ನಗೆಗನ್ನಡಿಯ ಡೇರೆ. ಅಡ್ಡ ಉದ್ದ ಡೊಂಕು ಕನ್ನಡಿಗಳಲ್ಲಿ ತಮ್ಮನ್ನು ನೋಡಿಕೊಂಡು ಜನ ಒಳಗೆ ಬಿದ್ದು ಬಿದ್ದು ನಗುತ್ತಿದ್ದರು. ಇಲ್ಲೂ ಮೂವರನ್ನೂ ಬಿಡಬೇಕಾದರೆ ಕಾಯಿಲೆಯ ಪಟ್ಟಿಯನ್ನು ಮತ್ತೆ ಒಪ್ಪಿಸಬೇಕಾಯಿತು. ಬಾಗಿಲಿನವನು ಪೂರ್ತಿ ಕೇಳಿ, ಎದೆ ಸರಿಯಿಲ್ಲದವರು ಹೆಚ್ಚು ನಗಬಾರದು, ತನಗೆ ಆ ಪಾಪ ಬೇಡ ಎಂದು ಹಾಲೇಶಪ್ಪನಿಗೆ ಹೊರಗೆ ಒಂದು ಸ್ಟೂಲು ಹಾಕಿದ. ಸಹಾಯಕರಿಗೆ ಮಾತ್ರ ಒಳಗೆ ಹೋಗಲು ಅಡ್ಡಿಯಿರಲಿಲ್ಲ. ಡೇರೆಯ ಬಟ್ಟೆಯಾಚೆ ಶಂಕ್ರಮ್ಮನ ನಗೆ ಹಾಲಿನ ಕ್ಯಾನು ಮೆಟ್ಟಿಲಿಂದ ಉರುಳಿದ ಹಾಗೆ ಕೇಳುತ್ತಿತ್ತು. ಹಾಲೇಶಪ್ಪ ಸ್ಟೂಲಿನ ಮೇಲೆ ಫ್ಲಾಸ್ಕು ಹಿಡಿದು ಕೂತಿದ್ದ.

ಅವರು ಕಣ್ಣೊರೆಸಿಕೊಳ್ಳುತ್ತ ಹೊರಬಂದಾಗ, ನಿಜ ಸಂಗತಿ ಏನೆಂದು ಎಲ್ಲರಿಗೂ ಹೇಳಿಬಿಡುತ್ತೇನೆ ಎಂದು ಅವನು ಎದ್ದ. ವಿರೂಪಾಕ್ಷಪ್ಪ ಅವನನ್ನು ಮೆತ್ತಗೆ ಪಕ್ಕಕ್ಕೆ ಕರೆದ. ಗೇಟಿನಲ್ಲಿ ಪೊಲೀಸು ನಿಂತಿದ್ದಾನೆ, ಮೋಸ ಅಂತ ಹಿಡಿದರೆ ಮೊದಲು ಕೇಳುವುದು ರೋಗಿಯನ್ನೇ, ಸಹಾಯಕರನ್ನಲ್ಲ ಎಂದು ತಿಳಿಹೇಳಿದ. ಇನ್ನೊಂದು ಗಳಿಗೆ ತಡಕೋ, ತೊಟ್ಟಿಲಲ್ಲಿ ಎಲ್ಲರಿಗಿಂತ ಮೊದಲು ನಿನ್ನನ್ನೇ ಕೂರಿಸುತ್ತೇವೆ ಎಂದು ದುರುಗಪ್ಪ ಆಣೆ ಮಾಡಿದ. ತೊಟ್ಟಿಲ ಹೆಸರು ಕೇಳಿ ಹಾಲೇಶಪ್ಪ ಮೆತ್ತಗಾದ.

ಆಮೇಲೆ ಸಾವಿನ ಬಾವಿ. ಹಲಗೆಯಿಂದ ಕಟ್ಟಿದ ದೊಡ್ಡ ಬಾವಿಯ ಗೋಡೆಯ ಮೇಲೆ ಒಬ್ಬ ಮೋಟಾರ್‌ಸೈಕಲ್ ಓಡಿಸುತ್ತಾನೆ, ಜನ ಮೆಟ್ಟಿಲು ಹತ್ತಿ ಮೇಲಿಂದ ಬಗ್ಗಿ ನೋಡಬೇಕು. ಅಲ್ಲಿ ಟಿಕೆಟ್ ನೋಡುತ್ತಿದ್ದವನು ಮರ್ಯಾದಸ್ಥ. ಸಹಾಯಕರನ್ನು ಬಿಟ್ಟು ರೋಗಿಯನ್ನೇ ನೋಡಿ, ನಿಮಗೆ ಏನು ತೊಂದರೆ ಸ್ವಾಮಿ ಎಂದು ಕೇಳಿದ. ಆ ದಿನ ಹಾಲೇಶಪ್ಪನನ್ನು ಯಾರಾದರೂ ಏನಾದರೂ ಕೇಳಿದ್ದು ಅದೇ ಮೊದಲು. ಅವನು ಬಾಯಿ ತೆರೆದ.

“ಮಾತು ಬರಲ್ರಿ ಅವರಿಗೆ,” ಅಂದುಬಿಟ್ಟ ವಿರೂಪಾಕ್ಷಪ್ಪ. “ಹುಟ್ಟು ಮೂಗ.”

ಹಾಲೇಶಪ್ಪನ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು. ಅದು ಸಾಕ್ಷಿಗೆ ಚೆನ್ನಾಗಿಯೇ ಒದಗಿತು. ಟಿಕೆಟ್ಟಿನವನು ಲೊಚಗುಟ್ಟಿದ. ಈ ಮೆಟ್ಟಿಲು ನಿಮಗೆ ಆಗದು ಎಂದು ಕೈಸನ್ನೆ ಮಾಡಿ, ತನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟು, ಸ್ವಂತ ಕಾಸಿನಿಂದ ಒಂದು ಬೊಂಬಾಯಿ ಮಿಠಾಯಿ ತೆಗೆಸಿಕೊಟ್ಟ. ಮೇಲೆ ಮೋಟಾರ್‌ಸೈಕಲ್ಲು ಗುಡುಗುತ್ತಿದ್ದಷ್ಟು ಹೊತ್ತೂ ಅವನು ಎದುರು ನಿಂತು, ಎರಡೂ ಕೈ ಮುಂದೆ ಚಾಚಿ ಬುರ್ ಬುರ್ ಎಂದು ಸುತ್ತುತ್ತ, ಒಳಗೆ ಏನು ನಡೆಯುತ್ತಿದೆ ಎಂದು ತೋರಿಸಿದ. ಹಾಲೇಶಪ್ಪ ತಲೆಯಾಡಿಸುತ್ತ ಮಿಠಾಯಿ ತಿಂದ. ಅಂಥ ಒಳ್ಳೆಯ ಮನುಷ್ಯನಿಗೆ ನಿಜ ಹೇಳಿ ನೋಯಿಸುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ.

ಕೊನೆಗೂ ತೊಟ್ಟಿಲು. ಹತ್ತಿರದಿಂದ ನೋಡಿದರೆ ಅದು ಆಕಾಶಕ್ಕೆ ಹಾಕಿದ ನೀರೆತ್ತುವ ರಾಟೆಯಂತಿತ್ತು. ಹಾಲೇಶಪ್ಪನ ಎದೆ ಆಗ ನಿಜಕ್ಕೂ ಹೊಡೆದುಕೊಂಡಿತು. ಕೋಲನ್ನು ಬಗಲಿಗೆ ಸಿಕ್ಕಿಸಿ ತೊಟ್ಟಿಲ ಸರಳಿಗೆ ಕೈ ಹಾಕಿದ. ತೊಟ್ಟಿಲು ತಿರುಗಿಸುವವನು ಮುರುಗೇಶಪ್ಪ ಎಂಬ ದಪ್ಪ ಮೀಸೆಯ ಮನುಷ್ಯ, ಬೀಡಿ ಕಚ್ಚಿಕೊಂಡು ಅಡ್ಡ ಬಂದ. ಪ್ರದರ್ಶನದವರೆಲ್ಲ ಚಹಾ ಕುಡಿಯುವುದು ಒಂದೇ ಅಂಗಡಿಯಲ್ಲಿ. ರೋಗಿಯ ಸುದ್ದಿ ರೋಗಿಗಿಂತ ಮೊದಲೇ ಅಲ್ಲಿಗೆ ತಲುಪಿತ್ತು.

“ಇವರನ್ನ ಕೂರ್ಸಾಕೆ ಆಗಲ್ರಿ,” ಎಂದ ಅವನು ಸಹಾಯಕರಿಗೆ. “ಎರಡೂ ಕಾಲಿಲ್ಲ, ಎದೆ ಸರಿಯಿಲ್ಲ. ಹೋಗ್ಲಿ ಅಂದ್ರೆ ಬಾಯೂ ಇಲ್ಲ. ಮ್ಯಾಲೆ ಹೋದಾಗ ಹೆದರಿಕೆ ಆದ್ರೆ ಕೂಗಾಕೂ ಬರಲ್ಲ. ನನಗೆ ಹೆಂಗೆ ಗೊತ್ತಾಗ್ಬೇಕು?”

ಈ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಮೂವರು ಸಹಾಯಕರೂ ಮುಖ ಸಣ್ಣಗೆ ಮಾಡಿಕೊಂಡು, ಮರ್ಯಾದೆಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಿಂತರು. ಆಮೇಲೆ ದುರುಗಪ್ಪ, ನಮಗೆಂದು ನಿಲ್ಲಿಸಿದ ತೊಟ್ಟಿಲು ಖಾಲಿ ಹೋದರೆ ಪ್ರದರ್ಶನದವರಿಗೂ ಬೇಜಾರು ಎಂದ. ಮುರುಗೇಶಪ್ಪ ತರಿಸಿದ ಕುರ್ಚಿಯಲ್ಲಿ ಹಾಲೇಶಪ್ಪನನ್ನು ಕೂರಿಸಿ, ಶಂಕ್ರಮ್ಮ ಚೀಲವನ್ನೂ ಫ್ಲಾಸ್ಕನ್ನೂ ಅವನ ತೊಡೆಯ ಮೇಲಿಟ್ಟಳು. ಚಪ್ಪಲಿ ಮೇಲಿಂದ ಜಾರಿ ಬೀಳುತ್ತವೆಂದು ಮೂವರೂ ಬಿಚ್ಚಿ ಅವನ ಕುರ್ಚಿಯ ಬುಡದಲ್ಲಿ ಬಿಟ್ಟು, ಸ್ವಲ್ಪ ನೋಡ್ಕೋ ಎಂದು ಹೇಳಿ ಹತ್ತಿದರು.

ತೊಟ್ಟಿಲು ಮೆಲ್ಲಗೆ ಮೇಲೆದ್ದಿತು. ಹಾಲೇಶಪ್ಪ ಕತ್ತೆತ್ತಿ ನೋಡಿದ. ಮೇಲೆ ಹೋದವರು ಇರುವೆ ಹಾಗೇನೂ ಕಾಣಲಿಲ್ಲ. ದುರುಗಪ್ಪ ದುರುಗಪ್ಪನಷ್ಟೇ ದಪ್ಪ ಇದ್ದ. ನೆತ್ತಿ ಮುಟ್ಟಿದಾಗ ಶಂಕ್ರಮ್ಮ ಸಂತೋಷ ತಡೆಯಲಾರದೆ ಕೂಗಿ ಹೇಳಿದಳು, “ಹಾಲೇಶೀ, ನಮ್ಮ ಬೀದಿ ಕಾಣ್ತೈತೋ! ನಿನ್ನಂಗಡಿ ಬೆಂಕಿಪೊಟ್ಟಣ ಕಂಡಂಗೆ ಕಾಣ್ತೈತೆ!”

ಆ ಬೆಂಕಿಪೊಟ್ಟಣ ಅವನಿಗೆ ಬಡಿಯಿತು. ತಾನು ನೋಡಬೇಕಿದ್ದ ಅಂಗಡಿ, ತಾನು ನೋಡಬೇಕಿದ್ದ ಬೀದಿ. ತೊಡೆಯ ಮೇಲಿದ್ದ ಚೀಲ ಒಂದು ಕಡೆ, ಫ್ಲಾಸ್ಕು ಒಂದು ಕಡೆ ಹಾರಿದವು. ಕೋಲಿನ ನೆನಪೂ ಇಲ್ಲದೆ ಅವನು ಸಟ್ಟನೆ ಎದ್ದು ನಿಂತ.

“ಇಳೀರಲೇ ಕೆಳಗೆ! ಅದ್ರಾಗೆ ಕೂರಾಕೆ ಬಂದೋನು ನಾನು, ನಿಮ್ಮ ಚಪ್ಲಿ ಕಾಯಾಕಲ್ಲ!”

ಮುರುಗೇಶಪ್ಪನ ಬಾಯಿಂದ ಬೀಡಿ ಬಿತ್ತು. ಸಾವಿನ ಬಾವಿಯ ಟಿಕೆಟ್ಟಿನವನು ದೂರದಿಂದಲೇ ನೋಡಿ, ಮೂಗ ಮಾತಾಡಿದ ಎಂದು ಕೈಮುಗಿದುಕೊಂಡೇ ಓಡಿಬಂದ. ಗೇಟಿನವನು, ಎರಡೂ ಕಾಲಿಲ್ಲದವನು ಎದ್ದು ನಿಂತ ಎಂದು ಸೇರಿಸಿದ. ಕಣ್ಣುಮುಚ್ಚಿ ತೆಗೆಯುವುದರಲ್ಲಿ ಹಾಲೇಶಪ್ಪನ ಸುತ್ತ ಜಾತ್ರೆ. ಅವನು ತನಗೆ ಏನೂ ಆಗಿರಲಿಲ್ಲ, ಮೊದಲಿಂದ ಮಾತು ಬರುತ್ತಿತ್ತು ಎಂದು ಹೇಳಿದಷ್ಟೂ, ಎಷ್ಟು ಸ್ಪಷ್ಟವಾಗಿ ಮಾತಾಡುತ್ತಾನೆ ನೋಡ್ರಿ ಎಂದು ಜನ ಬೆರಗಾದರು. ಸಫಾರಿ ತೊಟ್ಟ ಮ್ಯಾನೇಜರು ಬಂದು ಒಮ್ಮೆ ಹಾಲೇಶಪ್ಪನನ್ನೂ ಒಮ್ಮೆ ಜನರನ್ನೂ ನೋಡಿ, ಬೇರೇನೂ ಕೇಳದೆ ಸೀದಾ ಮೈಕಿನ ಹತ್ತಿರ ಹೋದ. ನಮ್ಮ ತೊಟ್ಟಿಲ ಗಾಳಿ ಸೋಕಿ ಹುಟ್ಟು ಮೂಗರೊಬ್ಬರು ಮಾತಾಡಿದ್ದಾರೆ ಎಂಬ ಸುದ್ದಿ ಹೊಳೆಯಾಚೆಗೂ ಕೇಳಿಸಿತು.

ಇನ್ನೇನು ಕೇಳುತ್ತೀರಿ. ಮಂಡಿನೋವಿನವರು, ಕಿವಿ ಕೇಳದವರು, ಪರೀಕ್ಷೆಯಲ್ಲಿ ಫೇಲಾದವರು, ಎಲ್ಲರೂ ಮುಗಿಬಿದ್ದು ಸಾಲು ಹೊಳೆದಂಡೆಯವರೆಗೆ ಬೆಳೆಯಿತು. ಈ ಗಲಾಟೆಯಲ್ಲಿ ಮೇಲಿದ್ದ ಮೂವರನ್ನು ಇಳಿಸುವುದು ಮುರುಗೇಶಪ್ಪನಿಗೆ ಮರೆತೇಹೋಯಿತು. ಅವರು ಸುತ್ತುತ್ತಲೇ ಇದ್ದರು. ಇಳಿಸಿದಾಗ ಶಂಕ್ರಮ್ಮನಿಗೆ ಮೂಡಣ ಪಡುವಣ ಗೊತ್ತಾಗಲಿಲ್ಲ. ದುರುಗಪ್ಪನ ಕಾಲು ಎರಡೂ ಹೇಳಿದ ಮಾತು ಕೇಳುತ್ತಿರಲಿಲ್ಲ. ವಿರೂಪಾಕ್ಷಪ್ಪ ಬಾಯಿಗೆ ಕೈ ಅಡ್ಡ ಹಿಡಿದು, ಜೀವಮಾನದಲ್ಲಿ ಮೊದಲ ಸಲ ಮಾತಿಲ್ಲದೆ ಬೇಲಿಯ ಕಡೆ ಓಡಿದ.

ಹಾಲೇಶಪ್ಪ ಈಗಲಾದರೂ ಸರಿ ಎಂದು ಮತ್ತೆ ತೊಟ್ಟಿಲ ಸರಳು ಹಿಡಿದ. ಮುರುಗೇಶಪ್ಪ ಭಕ್ತಿಯಿಂದಲೇ ಆ ಕೈ ಬಿಡಿಸಿದ.

“ನಿಮಗೀಗ ವಾಸಿಯಾಗೇತಲ್ರೀ. ಲೈನಿನಾಗೆ ಬರ್ರಿ.”

ಅವನು ಸಾಲಿನ ಕೊನೆಗೆ ಹೋಗಿ ಹೊಳೆಯ ಕಡೆ ಬೆನ್ನು ಮಾಡಿ ನಿಂತ. ಅಷ್ಟರಲ್ಲಿ, ಮೈಕಿನಲ್ಲಿ ಹೇಳಿದ ಮೂಗ ಹಾಲೇಶಪ್ಪನೇ ಎಂದು ಬೀದಿಯವರಿಂದ ಕೇಳಿ ಪ್ರೇಮಮ್ಮ ಏದುಸಿರು ಬಿಡುತ್ತ ಬಂದಳು. ಗಂಡನನ್ನು ಮೇಲಿಂದ ಕೆಳಗೆ ನೋಡಿ, “ಹುಟ್ಟು ಮೂಗ ಅಂತಲ್ರೀ? ಹಂಗಾದ್ರೆ ಇಷ್ಟು ವರ್ಷ ಸಾರಿಗೆ ಉಪ್ಪಿಲ್ಲ ಅಂತ ನನ್ನ ಮ್ಯಾಲೆ ಕೂಗಾಡಿದೋರು ಯಾರು?” ಅಂದಳು. ಮನೆಗೆ ನಡೀರಿ ಎಂದು ಕರೆದಳು. ಅವನು ಬರಲಿಲ್ಲ. ಇವತ್ತು ಬಿಟ್ಟರೆ ಆ ತೊಟ್ಟಿಲು ಮತ್ತೆ ಹೊನ್ನಾಳಿಗೆ ಯಾವ ಕಾಲಕ್ಕೋ. ಅವಳೂ ಸೆರಗು ಸಿಕ್ಕಿಸಿಕೊಂಡು ಪಕ್ಕದಲ್ಲಿ ನಿಂತಳು, ತೊಟ್ಟಿಲ ಕಡೆ ಮಾತ್ರ ಕಣ್ಣೆತ್ತದೆ.

ಸಾಲು ಇಂಚಿಂಚು ಸರಿಯಿತು. ಹಾಲೇಶಪ್ಪ ಕೋಲನ್ನು ಈ ಕೈಯಿಂದ ಆ ಕೈಗೆ ಬದಲಿಸುತ್ತ ನಿಂತ. ಯಾರೂ ಅವನಿಗೆ ಸ್ಟೂಲು ಹಾಕಲಿಲ್ಲ, ಕುರ್ಚಿ ಬಿಟ್ಟುಕೊಡಲಿಲ್ಲ. ಹೊತ್ತು ಮುಳುಗುವ ಹೊತ್ತಿಗೆ ಅವನ ಮುಂದೆ ಇಬ್ಬರೇ ಉಳಿದಿದ್ದರು. ಆಗ ಮುರುಗೇಶಪ್ಪ ಯಂತ್ರ ನಿಲ್ಲಿಸಿ, ಮೋಟರು ಕಾದು ಕೆಂಡವಾಗಿದೆ, ಆಟ ಮುಗೀತು ಎಂದ. ಆಳುಗಳು ಸ್ಪ್ಯಾನರು ಹಿಡಿದು ಒಂದೊಂದೇ ತೊಟ್ಟಿಲನ್ನು ಕಳಚತೊಡಗಿದರು.

ಮ್ಯಾನೇಜರು ಬಂದು ಹಾಲೇಶಪ್ಪನ ಹೆಗಲ ಮೇಲೆ ಕೈ ಹಾಕಿದ್ದು ಆಗಲೇ. ಸ್ವಲ್ಪ ಪಕ್ಕಕ್ಕೆ ಕರೆದುಕೊಂಡು ಹೋಗಿ, ನೀವು ಮೂಗರಲ್ಲ ಅಂತ ನನಗೆ ಆಗಲೇ ಗೊತ್ತಾಯಿತು, ಹುಟ್ಟು ಮೂಗ ಮೊದಲ ಮಾತಿಗೇ ಅಷ್ಟು ಚೆಂದ ಬೈಯಲಾರ ಎಂದು ನಕ್ಕ. ನಾಳೆ ತಾವು ಚನ್ನಗಿರಿಗೆ ಹೋಗುವುದಾಗಿಯೂ, ಹಾಲೇಶಪ್ಪ ಜೊತೆಗೆ ಬಂದರೆ ಊಟ ವಸತಿ ಸಂಬಳ ಎಲ್ಲ ಕೊಡುವುದಾಗಿಯೂ ಹೇಳಿದ. ಕೆಲಸ ಏನೂ ಇಲ್ಲ. ದಿನಾ ಸಾಯಂಕಾಲ ತೊಟ್ಟಿಲ ಬುಡದಲ್ಲಿ ಕುರ್ಚಿ ಹಾಕಿರುತ್ತಾರೆ, ಸುಮ್ಮನೆ ಕೂತಿರಬೇಕು, ಜನ ಸೇರಿದ ಮೇಲೆ ಎದ್ದು ಇವತ್ತಿನ ಹಾಗೇ ಒಂದು ಮಾತು ಕೂಗಬೇಕು.

ಹಾಲೇಶಪ್ಪ ಸಂಬಳ ಎಷ್ಟೆಂದು ಕೇಳಲಿಲ್ಲ. ಕಳಚುತ್ತಿದ್ದ ತೊಟ್ಟಿಲನ್ನೇ ನೋಡುತ್ತ, “ನನ್ನನ್ನ ಒಂದು ಸಾರಿ ಅದ್ರಾಗೆ ಕೂರಿಸ್ತೀರೇನ್ರಿ?” ಎಂದ.

“ಛೆ ಛೆ,” ಅಂದ ಮ್ಯಾನೇಜರು. “ನೀವು ಮ್ಯಾಲೆ ಕೂತು ನಗ್ತಾ ಇದ್ರೆ, ಕೆಳಗೆ ಮೂಗ ಆಗೋರು ಯಾರ್ರೀ?”

ಹಾಲೇಶಪ್ಪ ಏನೋ ಹೇಳಬೇಕೆಂದು ಬಾಯಿ ತೆರೆದ. ಮಾತು ಹೊರಡಲಿಲ್ಲ. ಮುಚ್ಚಿ ಇನ್ನೊಮ್ಮೆ ತೆರೆದ. ಆಗಲೂ ಏನೂ ಬರಲಿಲ್ಲ.

ಮ್ಯಾನೇಜರು ಒಂದು ಹೆಜ್ಜೆ ಹಿಂದೆ ಸರಿದು, ತಲೆ ವಾರೆ ಮಾಡಿ, ಮೆಚ್ಚುಗೆಯಿಂದ ನೋಡಿದ.

“ಭೇಷ್,” ಎಂದ. “ಹಿಂಗೇ ಮಾಡ್ರಿ, ಸಾಕು.”