ಭಾಲ್ಕಿಗೆ ಫೋನು ಹಚ್ಚುವ ಡಬ್ಬಿ

ಅಂಜಿಕೆ ಕೆಲವರ ಮನೆಗೆ ನೆಂಟರಂತೆ ಬಂದು ಹೋಗುತ್ತದೆ. ನಮ್ಮಲ್ಲಿ ಅದರ ಹೆಸರನ್ನು ರೇಷನ್ ಕಾರ್ಡಿಗೆ ಸೇರಿಸುವುದೊಂದೇ ಬಾಕಿ. ಬಾಗಿಲಿಗೆ ಕೀಲಿ ಹಾಕಿ, ಜಗ್ಗಿ ನೋಡಿ, ಓಣಿಯ ತಿರುವಿನವರೆಗೆ ಹೋಗಿ, ಮತ್ತೆ ಬಂದು ಜಗ್ಗಿ ನೋಡುವವನು ನಾನು. ಇಂಥವನ ಬೀದರಿನ ಮನೆಗೆ, ಮಳೆ ಎರಡನೆಯ ವರ್ಷವೂ ಕೈಕೊಟ್ಟಾಗ, ನಾಲ್ಕು ಟ್ರಂಕುಗಳು ಬಂದು ಕುಳಿತವು. ಔರಾದ್ ಕಡೆಯ ಚಿಂತಾಕಿಯಿಂದ ನನ್ನ ಹೆಂಡತಿಯ ಅಕ್ಕ ಶಾಂತಾಬಾಯಿ ಮತ್ತು ಅವರ ನೆರೆಯ ಮೂರು ಮನೆಯವರು ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೊರಟಿದ್ದರು. ಹಿತ್ತಾಳೆ ಕೊಡ, ಹೊಲದ ಕಾಗದ, ಮಗಳ ಮದುವೆಗೆಂದು ತೆಗೆದಿಟ್ಟ ಸೀರೆ ಎಲ್ಲ ನಮ್ಮ ಹಿಂದಿನ ಕೋಣೆಗೆ ಬಂದವು. "ನಿಮ್ಮ ಮನ್ಯಾಗ ಇದ್ರ ನಮಗ ಫಿಕರ್ ಇಲ್ರಿ" ಎಂದು ಹೇಳಿ ಅವರು ಬಸ್ಸು ಹತ್ತಿದರು. ಅವರು ಬಿಟ್ಟುಹೋದ ಫಿಕರು ಐದನೆಯ ಟ್ರಂಕಾಗಿ ನನ್ನ ತಲೆಯ ಮೇಲೆ ಕುಳಿತಿತು.

ಹಗಲೆಲ್ಲ ನಾನು ಕಚೇರಿಯಲ್ಲಿ, ಹೆಂಡತಿ ಮನ್ನಳ್ಳಿಯ ಶಾಲೆಯಲ್ಲಿ. ಅದಕ್ಕೇ ಒಂದು ಅಲಾರಂ ಡಬ್ಬಿ ಹಾಕಿಸಿದೆ. ಕೋಣೆಯ ಬಾಗಿಲು ತೆರೆದರೆ ಸಾಕು, ಕಳ್ಳನಿಗೆ ಗೊತ್ತಾಗದಂತೆ ಅದು ನಮ್ಮ ಲ್ಯಾಂಡ್‌ಲೈನಿನಿಂದ ತಾನೇ ಫೋನು ಹಚ್ಚಿ, ಮೊದಲೇ ತುಂಬಿಟ್ಟ ನನ್ನ ದನಿಯಲ್ಲಿ "ಕಳ್ಳ ಬಂದಾನ, ಲಗೂ ಬಾರೋ!" ಎಂದು ಆ ಕಡೆ ಎತ್ತಿದವರ ಕಿವಿಯಲ್ಲಿ ಕೂಗುತ್ತಿತ್ತು. ಯಾರ ನಂಬರು ಕೊಡುವುದು? "ನಿಮ್ಮದು ಬ್ಯಾಡ್ರಿ. ಫೋನ್ ಎತ್ತಿದ ಕೂಡ್ಲೆ ನೀವು ನೆಲಕ್ಕ ಬೀಳ್ತೀರಿ" ಎಂದಳು ಹೆಂಡತಿ. ಕೊನೆಗೆ ಭಾಲ್ಕಿಯಲ್ಲಿ ಟೇಲರ್ ಅಂಗಡಿ ಇಟ್ಟಿರುವ ಅವಳ ತಮ್ಮ ಭೀಮರಾವನ ನಂಬರು ಕೊಟ್ಟೆವು. ಅವನು ಬಂದು ಮುಟ್ಟುವಷ್ಟರಲ್ಲಿ ಕಳ್ಳ ಊಟ ಮಾಡಿ ಒಂದು ನಿದ್ದೆಯನ್ನೂ ತೆಗೆಯಬಹುದು ಎನ್ನುವುದು ಯಾರಿಗೂ ಹೊಳೆಯಲಿಲ್ಲ.

ಕಳ್ಳನೇನೋ ಬರಲಿಲ್ಲ, ನಾನು ಬರುತ್ತಿದ್ದೆ. ಮಧ್ಯಾಹ್ನ ಕಚೇರಿಯಿಂದ ಓಡಿಬಂದು, ಅಲಾರಂ ಬಂದ್ ಮಾಡುವುದನ್ನು ಮರೆತು ಕೋಣೆ ತೆರೆದು ಟ್ರಂಕು ಎಣಿಸುತ್ತಿದ್ದೆ. ಎರಡು ತಾಸಿಗೆ ಭೀಮರಾವ ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡೇ ಬಂದು ಇಳಿಯುತ್ತಿದ್ದ. "ಯಾರ್ರಿ ಮಾಮಾ ಕಳ್ಳ?" "ನಾನೇ ಮಾರಾಯ." ಚಹಾ ಕುಡಿದು ವಾಪಸು ಹೋಗುತ್ತಿದ್ದ.

ಆಮೇಲೆ ಇಂಟರ್ನೆಟ್ಟಿನ ಮೇಲೆ ಓಡುವ ಹೊಸ ಫೋನು ಬಂತು. ಫೋನು ಕಂಪನಿಯವರೊಬ್ಬರು ಬಂದು ತೆಳ್ಳನೆಯ ತಂತಿ ಎಳೆದು, ಮಿಣಮಿಣ ದೀಪದ ಪೆಟ್ಟಿಗೆ ಇಟ್ಟು, ಫೋನನ್ನು ಅದಕ್ಕೆ ಜೋಡಿಸಿ ಹೋದರು. ವಿಚಿತ್ರವೆಂದರೆ ಅಂದಿನಿಂದ ಭೀಮರಾವ ಒಮ್ಮೆಯೂ ಓಡಿಬರಲಿಲ್ಲ. ನನಗೆ ಕಡೆಗೂ ಅಲಾರಂ ಬಂದ್ ಮಾಡುವ ಶಿಸ್ತು ಬಂತೆಂದು ನಂಬಿದೆ. ಶಿಸ್ತಿನ ಮಹತ್ವದ ಬಗ್ಗೆ ಹೆಂಡತಿಗೆ ನಾಲ್ಕು ಮಾತೂ ಹೇಳಿದೆ.

ಎರಡು ತಿಂಗಳಾದ ಮೇಲೆ ಒಂದು ಭಾನುವಾರ ಭೀಮರಾವ ಮುಖ ಸಣ್ಣದು ಮಾಡಿಕೊಂಡು ಬಂದ. "ಮಾಮಾ, ನಿಮ್ಮ ಕಳ್ಳನ ಫೋನೇ ಇಲ್ಲಲ್ರಿ. ನನ್ನ ಮ್ಯಾಲ ಸಿಟ್ಟಾಗೀರೇನು?" ನನ್ನ ಶಿಸ್ತನ್ನು ವಿವರಿಸಿ, ಅವನ ಸಮಾಧಾನಕ್ಕೆಂದು ಬೇಕಂತಲೇ ಕೋಣೆಯ ಬಾಗಿಲು ತೆರೆದೆ. ಮೂವರೂ ಅವನ ಮೊಬೈಲನ್ನೇ ನೋಡುತ್ತ ನಿಂತೆವು. ಅದು ಕಿಮಕ್ ಅನ್ನಲಿಲ್ಲ. ಹೆಂಡತಿ ಡಬ್ಬಿಯ ತಂತಿಯನ್ನು ಬೆರಳಿನಿಂದ ಹಿಡಿದುಕೊಂಡು ಹೋದಳು. ಅದು ಗೋಡೆಯ ಹಳೆಯ, ಈಗ ಲೈನೇ ಇಲ್ಲದ ಫೋನ್ ಸಾಕೆಟ್ಟಿನಲ್ಲೇ ಇತ್ತು. "ಫೋನ್ ಹೊಸ ಮನಿಗೆ ಹೋಗ್ಯದರಿ. ನಿಮ್ಮ ಡಬ್ಬಿ ಹಳೇ ಮನಿ ಬಾಗಲಾ ಬಡೀಲಿಕ್ಕ ಹತ್ಯದ" ಎಂದಳು.

ಎರಡು ತಿಂಗಳು! ಟ್ರಂಕು ಎಣಿಸಿದೆ: ನಾಲ್ಕು. ಕೀಲಿ ಜಗ್ಗಿದೆ: ನಾಲ್ಕೂ ಗಟ್ಟಿ. ಶಾಂತಾಬಾಯಿಯ ಟ್ರಂಕಿನ ಮೇಲೆ ಕುಸಿದು ಕೂತು ನಕ್ಕೆ. ಕಣ್ಣಲ್ಲಿ ನೀರೂ ಬಂತು. ಮರುದಿನ ಬಂದ ಮೆಕ್ಯಾನಿಕ್ ಡಬ್ಬಿಯನ್ನು ಹೊಸ ಪೆಟ್ಟಿಗೆಗೆ ಜೋಡಿಸಿ, "ಹಳೇ ಲೈನಿನ್ಯಾಗ ಕರೆಂಟ್ ಅದರ ಕೂಡನೇ ಬರ್ತಿತ್ರಿ. ಇದು ಮನಿ ಕರೆಂಟ್ ಹೋದ್ರ ಮಲಗ್ತದ" ಎಂದ. ಆ ಬೇಸಿಗೆಯಲ್ಲಿ ಕರೆಂಟು ದಿನಾ ಮಧ್ಯಾಹ್ನ ಹೋಗುತ್ತಿತ್ತು. ಪೆಟ್ಟಿಗೆಗೂ ಒಂದು ಬ್ಯಾಟರಿ ಹಾಕಿಸಿದೆ. ಪರೀಕ್ಷೆ ಮಾಡಿದಾಗ ಭಾಲ್ಕಿಯಿಂದ ಭೀಮರಾವ, "ಬಂತ್ರಿ ಮಾಮಾ, ನಿಮ್ಮ ದನಿ ಬಂತು!" ಎಂದು ಕುಣಿದಾಡಿದ.

ಮಳೆಯಾಯಿತು. ಶಾಂತಾಬಾಯಿ ಎಲ್ಲರನ್ನೂ ಕರೆದುಕೊಂಡು ಟ್ರಂಕು ಒಯ್ಯಲು ಬಂದರು. ನಾನು ತಲೆ ತಗ್ಗಿಸಿ ಎಲ್ಲ ಒಪ್ಪಿಕೊಂಡೆ. ಅವರು ನಕ್ಕುಬಿಟ್ಟರು. "ಡಬ್ಬಿ ನಂಬಿ ಯಾರಿಟ್ಟಾರ್ರಿ? ನಿಮ್ಮಷ್ಟು ಅಂಜೋರು ಈ ಬೀದರನ್ಯಾಗ ಇನ್ನೊಬ್ರಿಲ್ಲ ಅಂತ ಗೊತ್ತಿದ್ದೇ ಇಟ್ಟೇವ್ರಿ." ನನ್ನ ಅಂಜಿಕೆಗೆ ಜನ್ಮದಲ್ಲಿ ಸಿಕ್ಕ ಮೊದಲ ಮರ್ಯಾದೆ ಅದು. ಎದೆ ಹಗುರಾಯಿತು.

ಟ್ರಂಕುಗಳು ಹೋದ ಮರುದಿನ ಮಧ್ಯಾಹ್ನ, ಕಾಲಿಗೆ ಅಂಟಿದ ರೂಢಿಯಂತೆ ಮನೆಗೆ ಬಂದು ಹಿಂದಿನ ಕೋಣೆ ತೆರೆದೆ. ಬರೀ ನೆಲ, ನಾಲ್ಕು ಚೌಕಾಕಾರದ ಧೂಳಿನ ಗುರುತು. ನೆಮ್ಮದಿಯಿಂದ ಅವನ್ನೂ ಒಮ್ಮೆ ಎಣಿಸಿ ಕಚೇರಿಗೆ ಹೊರಡಬೇಕು, ಅಷ್ಟರಲ್ಲಿ ಫೋನು ಬಂತು. ಡಬ್ಬಿಯ ಕೂಗು ಕೇಳಿ ಹೊರಟ ಭೀಮರಾವ ಆಗಲೇ ಭಾಲ್ಕಿ ಬಸ್ ಸ್ಟ್ಯಾಂಡಿನಲ್ಲಿದ್ದ.