ಅಜ್ಜನ ಹುಲಿ ನಡಿಗಿ

ನಮ್ಮ ಮನಿಯವ್ರು ಎಲ್ಲಿಗೆ ಹೊಂಟ್ರೂ, ಯಾತಕ್ಕ ಹೋಗಿರ್ತೀವೋ ಅದೊಂದು ಬಿಟ್ಟು ಉಳಿದದ್ದೆಲ್ಲಾ ಸುಸೂತ್ರ ಆಗತೈತ್ರಿ. ಡ್ಯಾಮ್ ನೋಡಾಕ ಹೋದಾಗ ಗೇಟ್ ಬಂದ್ ಇತ್ತು, ಹೊರಗ ಕುಂತು ಮಿರ್ಚಿ ತಿಂದು ಬಂದ್ವಿ. ಹುಲಿ ನೋಡಾಕ ಹೋಗಿದ್ದಂತೂ ಕೇಳಬ್ಯಾಡ್ರಿ. ಆದ್ರೂ ಹೇಳ್ತೀನಿ.

ಮಸ್ಕಿ ಟೇಲರ್ ಮಾತು

ನಮ್ಮ ಅಜ್ಜ ಅಲಾಯಿ ಹಬ್ಬದಾಗ, ಅಂದ್ರ ಮೊಹರಂದಾಗ, ಹುಲಿ ವೇಷ ಹಾಕ್ತಿದ್ದ. ಸಣ್ಣಾಂವಿದ್ದಾಗ ಭಾಳ ಜಡ್ಡಾಗಿ, ಅವನವ್ವ ಹರಕಿ ಹೊತ್ತಿದ್ಲಂತ, ಅವತ್ತಿಂದ ಮುದುಕಾಗೋ ಮಟ ಬಿಡಲಿಲ್ಲ. ಮೈತುಂಬ ಹಳದಿ ಬಣ್ಣ, ಕರೇ ಪಟ್ಟಿ, ಹಲಗಿ ಸಪ್ಪಳಕ್ಕ ಸಿಂಧನೂರು ಬಜಾರ ನಿಂತು ನೋಡತಿತ್ತು. ಆದ್ರ ಅಜ್ಜ ಉಳಿದ ಹುಲಿಗಳಂಗ ಜಿಗೀತಿರಲಿಲ್ರಿ. ಒಂದ್ ಭುಜ ಇಳಿಸಿ, ಇನ್ನೊಂದ್ ಏರಿಸಿ, ತಲಿ ಕೆಳಗ ಮಾಡಿ ಸಾವಕಾಶ ನಡೀತಿದ್ದ. ಒಂದ್ ವರ್ಷ ಮಸ್ಕಿಯಿಂದ ಬಂದಿದ್ದ ಟೇಲರೊಬ್ಬ, ಅವನೂ ಹುಲಿ ವೇಷದಾಂವನ, ನಡು ಬಜಾರದಾಗ ಅಂದುಬಿಟ್ಟ, "ಯಜಮಾನ್ರ, ಇದು ಹುಲಿ ನಡಿಗಿ ಅಲ್ರಿ. ಹಾಲು ಹಿಂಡಿಸ್ಕೊಂಡು ಬಂದ ಎಮ್ಮಿ ನಡಿಗಿ."

ಅಜ್ಜಗ ಸಿಟ್ಟು ನೆತ್ತಿಗೇರಿತು. "ಲೇ, ನೀ ಖರೇ ಹುಲಿ ನೋಡೀಯೇನು?"

"ಇಲ್ರಿ," ಅಂದ ಟೇಲರ್. "ಎಮ್ಮಿ ನೋಡೀನ್ರಿ."

ನಮ್ಮ ಪಿಸುಮಾತು

ಖರೇ ಹುಲಿ ಅಜ್ಜನೂ ನೋಡಿರಲಿಲ್ಲ. ಅದ ಅವನ ಮನಸ್ಸಿಗೆ ಹತ್ತಿಬಿಡ್ತು. ವೇಷ ಬಿಟ್ಟು, ಕಣ್ಣಿಗೆ ಪೊರೆ ಬರಾಕ ಶುರುವಾದ ಮ್ಯಾಲೆ ತನ್ನ ಸಣ್ಣ ಮಗ, ನಮ್ಮ ಕಾಕಾನ ಬೆನ್ನು ಹತ್ತಿದ. "ಕಣ್ಣು ಪೂರಾ ಮಂಜಾಗೋದ್ರೊಳಗ ಹುಲಿ ಹೆಂಗ ನಡೀತೈತಿ, ಒಂದ್ ಸಲ ತೋರಿಸಲೇ. ನಾ ಮಾಡಿದ್ದು ಖರೇನೋ ಸುಳ್ಳೋ ಗೊತ್ತಾಗಲಿ."

ಕಾಕಾಂದು ಅಕ್ಕಿ ಗಿರಣಿ. ಗಿರಣಿ ಮ್ಯಾಟಡೋರ್‌ನ್ಯಾಗ ಮನಿಮಂದಿಯೆಲ್ಲಾ ರೊಟ್ಟಿ ಗಂಟು ಕಟ್ಕೊಂಡು ಮೈಸೂರು ಕಡೆ ಹುಲಿ ಅಡವಿಗೆ ಹೊಂಟ್ವಿ. ಅಲ್ಲಿ ಅಡವಿಯವ್ರ ವ್ಯಾನಿನ್ಯಾಗ ಅಡ್ಡಾಡಿಸ್ತಾರ. ಹತ್ತಿದ ಕೂಡ್ಲೇ ಗಾರ್ಡ್, "ದಯವಿಟ್ಟು ಪಿಸುಮಾತಲ್ಲಿ ಮಾತಾಡಿ" ಅಂದ. ಈಗ ನೀವ ಹೇಳ್ರಿ, ಗಿರಣಿ ಸಪ್ಪಳದಾಗ ಹುಟ್ಟಿ ಬೆಳದ ಮಂದಿ ನಾವು, ಊಟಕ್ಕ ಕುಂತು ಉಪ್ಪು ಕೇಳಿದ್ರ ಊರ ಹೊರಗಿನ ಆರ್.ಎಚ್. ಕ್ಯಾಂಪಿನ ಮಟ ಕೇಳತೈತಿ. ಕಾಕಾ ತನ್ನ ಲೆಕ್ಕದಾಗ ಪಿಸುಗುಟ್ಟಿದ, "ಏ, ಅಲ್ನೋಡ್ರಿ ಜಿಂಕಿ." ಜಿಂಕಿ ಮಾಯ. ಅವನ ಹೇಣ್ತಿ ಕಾಕು "ಎಲ್ಲೈತ್ರಿ?" ಅಂದ್ಲು. ನವಿಲು ಮಾಯ. ಸಂಜಿ ಮಟ ನಾವು ನೋಡಿದ್ದು ಬರೇ ಬಾಲ.

ಇಳಿಯೋವಾಗ ಗಾರ್ಡ್ ಕಿವಿ ಉಜ್ಜಿಕೋತ ಕೇಳಿದ, "ನೀವು ಜಗಳ ಆಡೋವಾಗ ಹೇಗೆ ಮಾತಾಡ್ತೀರಿ ಸಾರ್?"

"ಅವಾಗ ಮಾತು ಬಿಟ್ಟಿರ್ತೀವ್ರಿ," ಅಂದ ಕಾಕಾ.

ರುಮಾಲು

ಮರುದಿನ ಮುಂಜಾನೆ ಕಡೀ ಸುತ್ತು, ಆಮ್ಯಾಲೆ ಸೀದಾ ಊರಿಗೆ. ಗಾರ್ಡ್ ಅಜ್ಜನ ತಲಿಮ್ಯಾಲಿನ ಕೆಂಪು ರುಮಾಲು ನೋಡಿ, "ಇದನ್ನ ತೆಗೀರಿ ತಾತ, ಬಣ್ಣ ಕಂಡ್ರೆ ಪ್ರಾಣಿಗಳು ಹೆದರ್ತವೆ" ಅಂದ.

"ತಮ್ಮಾ, ನನ್ನ ಸೊಸಿನ ಇದಕ್ಕ ಹೆದರಂಗಿಲ್ಲ," ಅಂದ ಅಜ್ಜ.

ಅಂದಾಂವ ಮತ್ತ ತೆಗೆದ ನೋಡ್ರಿ. ತನ್ನ ಲಗ್ನದಾಗ ಮಾವ ಹೇಳಿದ್ರೂ ತೆಗೆದಿದ್ದಿಲ್ಲಂತ.

ಪೂಜಿ ಮುಗಿಯೋ ಮಟ

ಒಂದ್ ಕೆರಿ ದಂಡಿಗೆ ವ್ಯಾನ್ ನಿಲ್ಲಿಸಿ ಗಾರ್ಡ್, "ಇಲ್ಲಿ ಸ್ವಲ್ಪ ಕಾಯೋಣ" ಅಂದ. ಅಜ್ಜಂದು ಇನ್ನೂ ಪೂಜಿ ಆಗಿರಲಿಲ್ಲ, ಬಾಯಿಗೆ ಹನಿ ನೀರು ಹಾಕಿರಲಿಲ್ಲ. "ಹ್ಯಾಂಗೂ ಕಾಯೋದೈತಲ್ಲ," ಅಂತ ಕೊಳ್ಳಾಗಿನ ಲಿಂಗ ತೆಗೆದು ಎಡಗೈಯಾಗ ಇಟ್ಕೊಂಡು ಕುಂತ. ಅಜ್ಜನ ಕಣ್ಣು ಲಿಂಗದ ಮ್ಯಾಲೆ ನಿಂತ್ರ ಮುಗೀತ್ರಿ. ಅಷ್ಟೊತ್ತು ನಮ್ಮ ಮನ್ಯಾಗ ಯಾರೂ ಪಿಟ್ ಅನ್ನಂಗಿಲ್ಲ, ಅವನ್ನ ಮುಟ್ಟಂಗಿಲ್ಲ. ಕಳ್ಳ ಬಂದ್ರೂ ಕೂತ್ಕೋ ಅಂತ ಕೈಸನ್ನಿ ಮಾಡ್ತೀವಿ.

ಅಷ್ಟೂ ಮಂದಿ ಸುಮ್ಮಾದ್ವಿ. ನಾನೂ ಸುಮ್ಮಾದ್ನಿ ಅಂದ್ರ ತಿಳ್ಕೋರಿ.

ಹುಲಿ ಬಂತು.

ಅಜ್ಜ ಕುಂತ ಕಿಟಕಿ ಮುಂದನ ಬಂತ್ರಿ. ಒಂದ್ ಭುಜ ಇಳಿಸಿ, ಇನ್ನೊಂದ್ ಏರಿಸಿ, ತಲಿ ಕೆಳಗ ಮಾಡಿ, ಸಾವಕಾಶ. ಥೇಟ್ ನಮ್ಮ ಅಜ್ಜ. ಕಾಕಾನ ಕೊಳ್ಳಾಗ ಕ್ಯಾಮೆರಾ ಇತ್ತು, ಒಳಗ ರೀಲ್ ಇತ್ತು, ಕ್ಲಿಕ್ ಅಂದ್ರ ಪೂಜಿ ಕೆಡತೈತಂತ ಒತ್ತಲಿಲ್ಲ. ಕಾಕು ಸೆರಗು ಬಾಯಾಗ ತುರುಕ್ಕೊಂಡು ಅಳಾಕತ್ತಿದ್ಲು. ಅಜ್ಜಾ, ಒಂದ್ ಸಲ ಕಣ್ಣೆತ್ತೋ ಅಂತ ಮನಸ್ಸಿನ್ಯಾಗ ಎಷ್ಟು ಬಡ್ಕೊಂಡೆ. ಹುಲಿ ನೀರು ಕುಡೀತು, ಹೊಂಟು ಹೋತು.

ಆಮ್ಯಾಲೆ ಅಜ್ಜ ಲಿಂಗ ಕಣ್ಣಿಗೊತ್ತಿಕೊಂಡು, ತಿರುಗಿ ಕೊಳ್ಳಾಗ ಹಾಕ್ಕೊಂಡು ನಮ್ಮ ಕಡೆ ನೋಡಿದ. "ಇವತ್ತು ಭಾಳ ಚೊಲೊ ಇದ್ರಿ. ಗಿಡದಾಗಿನ ಹಕ್ಕಿ ಸೈತ ಸುಮ್ಮಾಗಿದ್ವು. ಇನ್ನ ಹುಲಿ ಬರಲಿ, ನೋಡೋಣ."

ಕಾಕಾ, ಜಲ್ಮದಾಗ ಮೊದಲನೇ ಸಲ ಖರೇ ಪಿಸುಮಾತಿನ್ಯಾಗ, "ಅಪ್ಪಾ, ಬಂದು ಹೋತು" ಅಂದ.

ಅಜ್ಜ ಬೈತಾನ ಅನ್ಕೊಂಡಿದ್ವಿ. "ಹೆಂಗ ನಡೀತು?" ಅಂತ ಅಷ್ಟ ಕೇಳಿದ.

ಕಾಕಾ ವ್ಯಾನಿನ್ಯಾಗ ಎದ್ದು, ಭುಜ ಇಳಿಸಿ, ಏರಿಸಿ, ಸಾವಕಾಶ ನಡೆದು ತೋರಿಸಿದ. "ನಿನ್ನಂಗ ಅಪ್ಪಾ. ಥೇಟ್ ನಿನ್ನಂಗ." ಗಾರ್ಡ್ ಕೂಡ ಹೌದು ಅಂತ ಗೋಣು ಹಾಕಿದ.

ಅಜ್ಜ ಭಾಳ ಹೊತ್ತು ಆ ಖಾಲಿ ದಂಡಿ ನೋಡಿದ. ಆಮ್ಯಾಲೆ ರುಮಾಲು ಸುತ್ತಿಕೋತ ಅಂದ, "ಪಾಪ, ಅದಕ್ಕೂ ಮೊಣಕಾಲು ಹಿಡದಿರಬೇಕು."